ಚರಂಡಿಯ ಲೆಕ್ಕ ಕೇಳಿದ ಊರು

ಬಜೆಟ್ ದಿನ ನಮ್ಮ ಸ್ಟುಡಿಯೋದಲ್ಲಿ ಒಂದೇ ಗದ್ದಲ: ಯಾವುದರ ಬೆಲೆ ಏರಿತು, ಯಾವುದರದು ಇಳಿಯಿತು? ಈ ದುಡ್ಡು ಎಲ್ಲಿಗೆ ಹೋಗಬೇಕು ಅಂತ ಜನರನ್ನು ಮೊದಲೇ ಕೇಳಿದ್ರಾ ಸ್ವಾಮಿ ಅನ್ನೋ ಪ್ರಶ್ನೆ ನಮ್ಮ ಬಾಯಲ್ಲೂ ಬರಲ್ಲ. ಹಾಗೆ ಕೇಳಿದ ಊರೊಂದಿದೆ. ದಕ್ಷಿಣ ಬ್ರೆಜಿಲ್‌ನ ಪೋರ್ತೊ ಅಲೆಗ್ರೆ.

1964ರಿಂದ 1985ರವರೆಗೆ ಬ್ರೆಜಿಲ್ ಮಿಲಿಟರಿಯ ಕೈಯಲ್ಲಿತ್ತು. ರಾಜ್ಯ ರಾಜಧಾನಿಗಳ ಮೇಯರ್‌ಗಳನ್ನೂ ಮೇಲಿನವರೇ ನೇಮಿಸುತ್ತಿದ್ದರು. ಮಿಲಿಟರಿ ಹೋಯಿತು, ಚುನಾವಣೆ ಬಂತು. 1988ರಲ್ಲಿ ಪೋರ್ತೊ ಅಲೆಗ್ರೆಯಲ್ಲಿ ಗೆದ್ದವರು ವರ್ಕರ್ಸ್ ಪಾರ್ಟಿಯ ಒಲಿವಿಯೊ ದುತ್ರಾ, ಬ್ಯಾಂಕ್ ನೌಕರರ ಸಂಘದ ನಾಯಕ. 1989ರಲ್ಲಿ ಕುರ್ಚಿ ಮೇಲೆ ಕೂತು ನೋಡ್ತಾರೆ, ಬೊಕ್ಕಸ ಖಾಲಿ! ಆದಾಯದ ಬಹುಪಾಲು ಸಂಬಳಕ್ಕೇ ಸರಿ. ಆದರೂ ಜನರನ್ನು ಕರೆದು, ಏನು ಬೇಕು ಅಂತ ಕೇಳಿದರು. ಪಟ್ಟಿ ಉದ್ದವಾಯಿತು, ಕೆಲಸ ಆಗಲಿಲ್ಲ. ಸಭೆಗಳು ಸೊರಗಿದವು. ಯಾರಾದರೂ ಸುಮ್ಮನೆ ಯಾಕೆ ಬರ್ತಾರೆ ಹೇಳಿ?

ಆಮೇಲೆ ನಗರದ ತೆರಿಗೆ ಸುಧಾರಿಸಿತು, ಹೊಸ ಸಂವಿಧಾನದಿಂದ ಪಾಲಿಕೆಗೆ ಹೆಚ್ಚು ಪಾಲು ಬಂತು. ಪಟ್ಟಿಯಲ್ಲಿದ್ದ ಚರಂಡಿ, ರಸ್ತೆ ಕಣ್ಣೆದುರೇ ಎದ್ದವು. ಸಭೆಗೆ ಜನ ಸಾವಿರಗಟ್ಟಲೆ ಬಂದರು, ಅದರಲ್ಲೂ ಬಡ ಬಡಾವಣೆಯವರು, ಹೆಚ್ಚು ಓದದವರು.

ಲೆಕ್ಕಾಚಾರ ನೋಡಿ. ಆಗ ನಗರಕ್ಕೆ 16 ವಲಯಗಳಿದ್ದವು. ಪ್ರತಿ ವಲಯದಿಂದ ಇಬ್ಬರು ಬಜೆಟ್ ಮಂಡಳಿಗೆ; ಅಧಿಕಾರ ಒಂದೇ ವರ್ಷ, ಬೇಡವೆಂದರೆ ಜನ ವಾಪಸ್ ಕರೆಸಬಹುದಿತ್ತು. ಹಣ ಹಂಚಲು ಮೂರು ಅಳತೆ: ಆ ವಲಯದಲ್ಲಿ ಏನು ಕೊರತೆ, ಎಷ್ಟು ಜನಸಂಖ್ಯೆ, ಜನ ಯಾವುದಕ್ಕೆ ಮೊದಲ ಮತ ಹಾಕಿದರು. ಹೀಗಾಗಿ ಗಟ್ಟಿ ದನಿಯ ನಾಯಕನ ಏರಿಯಾಗೆ ಎರಡು ಸಲ ಡಾಂಬರು ಬೀಳೋದು ಕಷ್ಟವಾಯಿತು. 1988ರಲ್ಲಿ ನೀರು, ಒಳಚರಂಡಿ ಸಂಪರ್ಕ ಇದ್ದದ್ದು ಶೇ. 75 ಮನೆಗಳಿಗೆ, 1997ಕ್ಕೆ ಶೇ. 98.

ಮುಂದೆ ನ್ಯೂಯಾರ್ಕ್, ಪ್ಯಾರಿಸ್ ಕೂಡ ಈ ದಾರಿಗೆ ಬಂದವು. ತವರಿನಲ್ಲಿ ಮಾತ್ರ ಕತೆ ತಿರುಗಿತು. ಸಭೆಯ ನಿಯಮಗಳನ್ನು ಜನರ ಮಂಡಳಿಯೇ ವರ್ಷವರ್ಷ ತಿದ್ದುತ್ತಿತ್ತು, ಶಾಸನದಲ್ಲಿ ಕಟ್ಟಿಹಾಕಿರಲಿಲ್ಲ. ಜನರ ಕೈಯಲ್ಲೇ ಇರಲಿ ಅನ್ನೋ ಆಸೆ ಒಳ್ಳೆಯದೇ. ಆದರೆ ನನ್ನ ಪ್ರಕಾರ ಅಲ್ಲೇ ಎಡವಿದರು. 16 ವರ್ಷ ಆಳಿದ ಪಕ್ಷ 2004ರಲ್ಲಿ ಸೋತಿತು. ಸಭೆಗಳು ನಡೆದವು, ಒಪ್ಪಿದ ಕೆಲಸಗಳು ಬಾಕಿ ಉಳಿಯತೊಡಗಿದವು. 2017ರಲ್ಲಿ ಹೊಸ ಮೇಯರ್, ದುಡ್ಡಿಲ್ಲ ಅಂತ ಸಭೆಗಳನ್ನೇ ನಿಲ್ಲಿಸಿದರು.

1989ರಲ್ಲೂ ದುಡ್ಡಿರಲಿಲ್ಲ.