ಬವಳಿಯೂ ಬಳಕೆಯೂ

ಕಣ್ಣು, ಕಿವಿ, ಮೂಗು, ನಾಲಗೆ, ಚರ್ಮಗಳೆಂದು ಇಂದ್ರಿಯಗಳನ್ನು ಐದಾಗಿ ಎಣಿಸುವುದು ಪುರಾತನವಾದ ವಾಡಿಕೆ. ಈ ಎಣಿಕೆಗೆ ಸೇರದೆ ಕಿವಿಯ ಗೂಡಿನಲ್ಲಿಯೇ ಅಡಗಿರುವ ಇನ್ನೊಂದು ಇಂದ್ರಿಯವುಂಟು; ದೇಹದ ಸಮತೋಲವನ್ನು ಕಾಯುವುದೇ ಅದರ ಕೆಲಸ. ಸರಿಯಾಗಿರುವಾಗ ಅದರ ಇರವೇ ನಮಗೆ ತಿಳಿಯದು. ಕೆಟ್ಟಾಗ ನೆಲವೇ ಸುತ್ತಿದಂತಾಗಿ ಅದರ ಬೆಲೆ ಗೊತ್ತಾಗುತ್ತದೆ. ಇದನ್ನು ಪಂಡಿತರು ಕಂಡುಕೊಂಡ ಬಗೆಯನ್ನೂ, ಅಭ್ಯಾಸದಿಂದ ಇದು ಪಳಗುವುದೆಂಬುದು ತಿಳಿದುಬಂದ ಕ್ರಮವನ್ನೂ ಇಲ್ಲಿ ಸಂಗ್ರಹವಾಗಿ ನಿರೂಪಿಸುವೆನು.

19ನೆಯ ಶತಮಾನದ ಪೂರ್ವಾರ್ಧದಲ್ಲಿ ಪ್ಯಾರಿಸ್ ನಗರದ ಫ್ಲೂರಾನ್ಸನು ಪಾರಿವಾಳಗಳ ಒಳಗಿವಿಯಲ್ಲಿರುವ ಅರ್ಧವರ್ತುಲ ನಾಳಗಳನ್ನು ಒಂದೊಂದಾಗಿ ಛೇದಿಸಿ ನೋಡಲು, ಹಕ್ಕಿಗೆ ಕಿವುಡಾಗದೆ, ಛೇದಿಸಿದ ನಾಳದ ದಿಕ್ಕಿನಲ್ಲಿಯೇ ಅದರ ತಲೆಯು ಓಲಾಡತೊಡಗಿತು. 1861ರಲ್ಲಿ ಅದೇ ನಗರದ ವೈದ್ಯ ಮೆನಿಯೇರನು, ಬವಳಿಗೆ ಮಿದುಳಲ್ಲದೆ ಒಳಗಿವಿಯೂ ಕಾರಣವಾಗಬಲ್ಲುದೆಂದು ಸಾರಿದನು. 1873ರಿಂದ 1875ರೊಳಗೆ ಮಾಖ್, ಬ್ರಾಯರ್, ಕ್ರಮ್ ಬ್ರೌನ್ ಎಂಬ ಮೂವರು ಪ್ರತ್ಯೇಕವಾಗಿ ಶೋಧಿಸಿ ಒಂದೇ ನಿರ್ಣಯಕ್ಕೆ ಬಂದರು: ತಲೆಯು ತಿರುಗಿದಾಗ ನಾಳದೊಳಗಣ ದ್ರವವು ಹಿಂದುಳಿಯುವುದು, ಅದರ ಒತ್ತಡದಿಂದಲೇ ಚಲನೆಯ ಅರಿವು ಹುಟ್ಟುವುದು. ತರುವಾಯ ವಿಯೆನ್ನಾದ ರಾಬರ್ಟ್ ಬಾರಾನಿಯು ಕಿವಿಗೆ ಬಿಸಿನೀರನ್ನೂ ತಣ್ಣೀರನ್ನೂ ಹಾಯಿಸಿ, ಕಣ್ಣಾಲಿಗಳ ಅದುರಾಟದಿಂದ ಈ ಇಂದ್ರಿಯವನ್ನು ಪರೀಕ್ಷಿಸುವ ವಿಧಾನವನ್ನು ರೂಪಿಸಿದನು. 1914ರ ನೊಬೆಲ್ ಬಹುಮಾನ ತನಗೆ ಬಂದುದನ್ನು ಆತನು ಕೇಳಿದ್ದು ರಷ್ಯದ ಯುದ್ಧಕೈದಿಗಳ ಶಿಬಿರದಲ್ಲಿ!

ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯವು ವಿಮಾನಿಕರನ್ನು ಆರಿಸುವಾಗ ತಿರುಗುವ ಕುರ್ಚಿಯಲ್ಲಿ ಕೂರಿಸಿ 20 ಸೆಕೆಂಡುಗಳಲ್ಲಿ 10 ಸುತ್ತು ತಿರುಗಿಸುತ್ತಿತ್ತು. ನಿಂತಮೇಲೆ ಕಣ್ಣಾಲಿಗಳು ಸುಮಾರು 26 ಸೆಕೆಂಡು ಅದುರಬೇಕು. ತೀರ ಕಡಮೆಯಾದರೆ ಕಿವಿಯಲ್ಲಿ ದೋಷವಿದೆಯೆಂದು ಎಣಿಕೆ. ಆದರೆ 1920ರಲ್ಲಿ ಗ್ರಿಫಿತ್ ಎಂಬ ಮನಃಶಾಸ್ತ್ರಜ್ಞನು ಕೆಲವರನ್ನು ದಿನದಿನವೂ ತಿರುಗಿಸಿ ನೋಡಲು, ಅದುರಾಟವೂ ಬವಳಿಯೂ ಕ್ರಮೇಣ ಇಳಿಯುತ್ತ ಬಂದುವು. ಹೀಗಿರಲು, ಅದುರಾಟ ಕಡಮೆಯಾದ ಮಾತ್ರಕ್ಕೆ ಅದು ದೋಷವೆನ್ನುವುದೆಂತು? ಅದು ಅಭ್ಯಾಸದ ಗುರುತೂ ಆಗಿರಬಹುದಷ್ಟೆ.

ಹಾಗಾದರೆ ಪಳಗುವುದು ಯಾವುದು? ಕಿವಿಯೊಳಗಣ ದ್ರವವು ನೂರನೆಯ ಸಲವೂ ಮೊದಲಿನಂತೆಯೇ ಹಿಂದುಳಿಯುತ್ತದೆ. ಪಳಗುವುದು ಮುಖ್ಯವಾಗಿ ಮಿದುಳು; ಅಪಾಯವಿಲ್ಲದ ಸುದ್ದಿಯನ್ನು ಮೇಲಿಂದ ಮೇಲೆ ಕೇಳಿ, ಅದು ತನ್ನ ಉತ್ತರವನ್ನು ತಗ್ಗಿಸಿಕೊಳ್ಳುತ್ತದೆ. ಈ ಅಭ್ಯಾಸಕ್ಕೂ ಮೇರೆಯುಂಟು. ಬಲಕ್ಕೆ ತಿರುಗಿ ಪಳಗಿದವನಿಗೆ ಎಡಕ್ಕೆ ತಿರುಗಿದಾಗ ಪೂರ್ಣಲಾಭವು ದೊರೆಯದು. ಎಲ್ಲರೂ ಒಂದೇ ಸಮನಾಗಿ ಪಳಗುವುದೂ ಇಲ್ಲ. 1831ರಲ್ಲಿ ಬೀಗಲ್ ಹಡಗನ್ನೇರಿದ ಡಾರ್ವಿನ್ನನು 1836ರಲ್ಲಿ ಮರಳುವವರೆಗೂ ಕಡಲಿನ ಓಕರಿಕೆಯಿಂದ ಪಾರಾಗಲಿಲ್ಲ.

ಈ ಜ್ಞಾನವು ರೋಗಿಗಳಿಗೆ ಒದಗಿದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ತಲೆಗೆ ಪೆಟ್ಟುಬಿದ್ದು ಬವಳಿಯಿಂದ ನರಳುವವರು ಅಲುಗಾಡಲು ಅಂಜಿ ಮಲಗಿಬಿಡುವುದು ಸಹಜ. ಇಂಗ್ಲೆಂಡಿನ ವೈದ್ಯರಾದ ಕಾಥಾರ್ನ್ ಮತ್ತು ಕುಕ್ಸಿಯವರು ಇದಕ್ಕೆ ವಿರುದ್ಧವಾದ ಮಾರ್ಗವನ್ನು ಹಿಡಿದು, ಯಾವ ಚಲನೆಯಿಂದ ಬವಳಿ ಬರುವುದೋ ಅದನ್ನೇ ಅಳತೆಯಿಂದ ಮಾಡಿಸಿದರು. ಮೊದಲು ಹಾಸಿಗೆಯಲ್ಲಿಯೇ ಕಣ್ಣು ಹೊರಳಿಸುವುದು, ಬಳಿಕ ತಲೆಯಾಡಿಸುವುದು, ಬಾಗುವುದು, ಚೆಂಡೆಸೆಯುವುದು, ಕಡೆಗೆ ಕಣ್ಮುಚ್ಚಿ ನಡೆಯುವುದು. ಆ ಕ್ರಮವು ಪರಿಷ್ಕೃತವಾಗಿ ಇಂದಿಗೂ ಬಳಕೆಯಲ್ಲಿದೆ.

ಬವಳಿಗೆ ಕಾರಣಗಳು ಹಲವಾದುದರಿಂದ ವೈದ್ಯರು ಪರೀಕ್ಷಿಸಿ ಹೇಳಿದ ಮೇಲೆಯೇ ಇಂಥ ಸಾಧನೆಗೆ ತೊಡಗಬೇಕು. ಅವರು ಒಪ್ಪಿದ ಮೇಲೂ ಬೀಳುವೆವೆಂಬ ಭಯದಿಂದ ಮುದುಕರನ್ನು ಮೂಲೆಯಲ್ಲಿ ಕೂರಿಸಿದರೆ ಭಯವೇ ಬೆಳೆಯುವುದು, ಕಾಲು ಮತ್ತಷ್ಟು ಸೋಲುವುದು. ಹಾಡುತ್ತ ಹಾಡುತ್ತ ರಾಗ, ನರಳುತ್ತ ನರಳುತ್ತ ರೋಗ ಎಂಬ ನಮ್ಮ ಗಾದೆಗೆ ಇದಕ್ಕಿಂತ ಬೇರೆ ನಿದರ್ಶನವು ಬೇಕಿಲ್ಲ.