ಪೋಕರ್ ಕಲಿಕೆ: ಹುಣಸೆ ಬೀಜವೇ ಸಾಕು

ರಾಬರ್ಟ್‌ಸನ್‌ಪೇಟೆ: ಚಿನ್ನದ ಗಣಿಗಳು 2001ರ ಫೆಬ್ರುವರಿ 28ರಂದು ಮುಚ್ಚಿದ ನಂತರ ಮಾರಿಕುಪ್ಪಂ, ಚಾಂಪಿಯನ್, ಊರ್ಗಾಂ ನಿಲ್ದಾಣಗಳಿಂದ ಬಂಗಾರಪೇಟೆ ಮಾರ್ಗವಾಗಿ ಬೆಂಗಳೂರಿಗೆ ದಿನವೂ ಹೋಗಿಬರುವುದೇ ಇಲ್ಲಿನ ಅನೇಕ ಕುಟುಂಬಗಳ ಬದುಕಾಯಿತು. ಇಂತಹ ದೀರ್ಘ ಪ್ರಯಾಣದಲ್ಲಿ ಹೊತ್ತು ಕಳೆಯಲು ಇಸ್ಪೀಟೂ ಮೊಬೈಲೂ ಜತೆಗಿರುತ್ತವೆ. ರಮ್ಮಿ, ಮೂರೆಲೆ ಬಲ್ಲವರಿಗೆ ಪೋಕರ್ ಸುಲಭವೆಂದು ತೋರುವುದು ಸಹಜ. ಆದರೆ ಅದರ ಕಲಿಕೆಯ ದಾರಿಯೇ ಬೇರೆ.

ಹೆಚ್ಚು ಪ್ರಚಲಿತವಾದ ಟೆಕ್ಸಾಸ್ ಹೋಲ್ಡೆಮ್ ಪ್ರಕಾರದಲ್ಲಿ ಪ್ರತಿಯೊಬ್ಬರಿಗೂ ಎರಡು ಎಲೆ, ನಡುವೆ ಎಲ್ಲರಿಗೂ ಸೇರಿದ ಐದು ಎಲೆ. ಕೈಗೆ ಬರಬಹುದಾದ ಜೋಡಿಗಳು 1,326. ಎರಡೂ ಎಕ್ಕವೇ ಬರುವ ಸಂಭವ 221ರಲ್ಲಿ ಒಂದು ಬಾರಿ ಮಾತ್ರ. ಆದ್ದರಿಂದ ಯಾವ ಎಲೆಗಳನ್ನು ಆಡದೆ ಬಿಡಬೇಕೆಂಬುದೇ ಮೊದಲ ಪಾಠ. ಇದು ಬೇಸರದ ಪಾಠವೂ ಹೌದು.

ಎರಡನೆಯದು ಲೆಕ್ಕ. ನಡುವೆ 200 ಹುಣಸೆ ಬೀಜಗಳಿವೆ, ಎದುರಾಳಿ 100 ಹೂಡಿದ್ದಾನೆ ಎನ್ನೋಣ. 300 ಬೀಜ ಗೆಲ್ಲಲು 100 ಹಾಕಬೇಕು. ಅಂದರೆ ಗೆಲುವಿನ ಸಂಭವ ಶೇ 25 ಆದರೂ ಇರಬೇಕು. ಕೈಯಲ್ಲಿ ಎರಡು, ನೆಲದಲ್ಲಿ ಎರಡು ಆಟೀನು ಇದ್ದು ಐದನೆಯದಕ್ಕೆ ಕಾಯುತ್ತಿದ್ದರೆ, ಕಾಣದ 47 ಎಲೆಗಳಲ್ಲಿ ಆಟೀನು ಒಂಬತ್ತು. ಮುಂದಿನ ಎಲೆಯಲ್ಲೇ ಅದು ಬರುವ ಸಂಭವ ಸುಮಾರು ಶೇ 19. ಬರಿಯ ಈ ಲೆಕ್ಕದಲ್ಲಿ ಎಲೆ ಮಡಚುವುದೇ ಸರಿ. ಎದುರಾಳಿ ತನ್ನಲ್ಲಿದ್ದ ಕೊನೆಯ 100 ಬೀಜಗಳನ್ನೇ ಹೂಡಿದ್ದರೆ ಮಾತು ಬೇರೆ: ಮತ್ತೆ ಏನನ್ನೂ ಹಾಕದೆ ಉಳಿದೆರಡು ಎಲೆಗಳನ್ನೂ ನೋಡಬಹುದು, ಸಂಭವ ಶೇ 35ಕ್ಕೆ ಏರುತ್ತದೆ. ಎಲೆಗಳು ಅವೇ, ನಿರ್ಣಯ ಮಾತ್ರ ತಿರುವುಮುರುವು.

ತಪ್ಪು ನಿರ್ಣಯಕ್ಕೂ ಒಮ್ಮೊಮ್ಮೆ ಗೆಲುವು ದೊರೆಯುವುದರಿಂದ ಕಲಿಯುವವರು ಮೋಸಹೋಗುತ್ತಾರೆ. ಪ್ರತಿ ಕೈಯನ್ನೂ ಪುಸ್ತಕದಲ್ಲಿ ಬರೆದಿಟ್ಟು, ಫಲಿತಾಂಶವನ್ನು ಮುಚ್ಚಿ, ನಿರ್ಣಯವನ್ನಷ್ಟೇ ಮರುದಿನ ಪರಿಶೀಲಿಸುವುದು ಒಳ್ಳೆಯ ಅಭ್ಯಾಸ. ಇಬ್ಬರು ಮೂವರು ಗೆಳೆಯರು ಕೂಡಿ ವಾದಿಸಿದರೆ ಇನ್ನೂ ಮೇಲು. ಅಮೆರಿಕದ ಎಂಐಟಿ ಸಂಸ್ಥೆಯ 2015ರ ಪೋಕರ್ ಸಿದ್ಧಾಂತದ ಉಪನ್ಯಾಸಗಳು ಅಂತರ್ಜಾಲದಲ್ಲಿ ಉಚಿತ. ಡೇವಿಡ್ ಸ್ಕ್ಲಾನ್‌ಸ್ಕಿಯ 'ದಿ ಥಿಯರಿ ಆಫ್ ಪೋಕರ್' ಹಳೆಯದಾದರೂ ಓದತಕ್ಕದ್ದು.

ಕಾನೂನನ್ನು ಅರಿಯದೆ ಈ ಕಲಿಕೆ ಪೂರ್ಣವಲ್ಲ. ಕೌಶಲದ ಆಟವಾಗಿ ಆಡಿದರೆ ಪೋಕರ್‌ಗೆ ಪರವಾನಗಿ ಬೇಕಿಲ್ಲವೆಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿತ್ತು. ಆನ್‌ಲೈನ್ ಪಂದ್ಯಗಳನ್ನು ನಿಷೇಧಿಸಿದ ರಾಜ್ಯದ 2021ರ ತಿದ್ದುಪಡಿಯ ಮುಖ್ಯ ಅಂಶಗಳನ್ನು 2022ರ ಫೆಬ್ರುವರಿ 14ರಂದು ರದ್ದುಪಡಿಸಿತು. ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ, ಕೌಶಲವೋ ಅದೃಷ್ಟವೋ ಎಂಬ ಭೇದವೆಣಿಸದೆ, ಹಣ ಹೂಡುವ ಎಲ್ಲ ಆನ್‌ಲೈನ್ ಆಟಗಳನ್ನೂ ನಿಷೇಧಿಸಿತು. ನಡೆಸುವವರಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿ ರೂಪಾಯಿವರೆಗೆ ದಂಡ; ಆಡುವವರಿಗೆ ಶಿಕ್ಷೆಯಿಲ್ಲ. ದೊಡ್ಡ ಕಂಪನಿಗಳು ಹಣದ ಆಟ ನಿಲ್ಲಿಸಿದವು. ಈಗಲೂ ಹಣ ಕಟ್ಟಿಸಿಕೊಳ್ಳುವ ಆ್ಯಪ್ ಎದುರಾದರೆ, ಕಳೆದುಕೊಂಡದ್ದನ್ನು ಮರಳಿ ಪಡೆಯುವುದು ಕಷ್ಟ.

ಬೀಜಗಳಲ್ಲಿ ಆಡುತ್ತಿದ್ದವರು ಸಂಬಳಕ್ಕೆ ಕೈಹಾಕಿದರೆ, ಸೋತದ್ದನ್ನು ಗೆಲ್ಲಲೆಂದೇ ಮತ್ತೆ ಕುಳಿತರೆ, ಮನೆಯವರಿಂದ ಸಾಲ ಮುಚ್ಚಿಟ್ಟರೆ ಅದು ಅಭ್ಯಾಸವಲ್ಲ, ವ್ಯಸನ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಆನ್‌ಲೈನ್ ಆಟಗಳ ವ್ಯಸನಕ್ಕೆಂದೇ 'ಶಟ್' ಚಿಕಿತ್ಸಾಲಯವಿದೆ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೂ ಕರೆ ಮಾಡಬಹುದು.