ಪಾಲು, ಹಾಲು, ಆಲು

ಹಾಸನ ಜಿಲ್ಲೆ ಬೇಲೂರು ತಾಲ್ಲೂಕಿನ ಹಲ್ಮಿಡಿಯ ಕಲ್ಲುಶಾಸನ ಕ್ರಿ.ಶ. 450ರ ಸುಮಾರಿನದು ಅಂತ ಬಹಳ ವಿದ್ವಾಂಸರ ಲೆಕ್ಕ. ಯುದ್ಧದಲ್ಲಿ ಕಾದಿದ ವಿಜ ಅರಸನೆಂಬ ವೀರನಿಗೆ ಎರಡು ಊರು ಬಿಟ್ಟುಕೊಟ್ಟ ಸಂಗತಿ ಅದರಲ್ಲಿದೆ. ಅದರಲ್ಲಿ ಒಂದು ಊರನ್ನು ಕಲ್ಲು ಕರೆಯುವುದು ಪಲ್ಮಡಿ ಅಂತ. ಇವತ್ತು ಅದೇ ಹಲ್ಮಿಡಿ. ಊರು ಕೊಟ್ಟವರ ಹೆಸರು ಕಲ್ಲಿನಲ್ಲಿದೆ, ಪಡೆದವನ ಹೆಸರೂ ಇದೆ. ಆ ನೆಲ ಉತ್ತವರ ಹೆಸರಿಲ್ಲ. ಹಾಗಾದರೆ ಪಲ್ಮಡಿಯನ್ನು ಹಲ್ಮಿಡಿ ಮಾಡಿದವರು ಯಾರು? ಯಾವ ರಾಜನೂ ಅಪ್ಪಣೆ ಕೊಡಿಸಲಿಲ್ಲ, ಯಾವ ಪಂಡಿತನೂ ಸೂತ್ರ ಬರೆಯಲಿಲ್ಲ. ಕಲ್ಲಿನ ಮೇಲೆ ಜಾಗ ಸಿಗದ ಜನ ತಮ್ಮ ಬಾಯಲ್ಲೇ ಊರಿನ ಹೆಸರನ್ನು ತಿದ್ದಿದರು.

ಇದು ಒಂದು ಊರಿನ ಕತೆಯಲ್ಲ. 941ರಲ್ಲಿ ಪಂಪ ಬರೆಯುವಾಗ ಕಾವ್ಯದ ಕನ್ನಡದಲ್ಲಿ ಪಾಲ್, ಪುಲಿ, ಪೊಲ. ಸುಮಾರು ಆ ಶತಮಾನದಿಂದಲೇ ಶಾಸನಗಳಲ್ಲಿ ಹಕಾರ ಇಣುಕತೊಡಗುತ್ತದೆ. ಮುಂದಿನ ಮೂರು ನಾಲ್ಕು ಶತಮಾನಗಳಲ್ಲಿ ಹಾಲು, ಹುಲಿ, ಹೊಲ, ಹಸಿವು, ಹೊಟ್ಟೆ ಎಲ್ಲವೂ ಬಂದವು. ನಮ್ಮ ನೆರೆಯವರು ಹಾಗೆ ಮಾಡಲಿಲ್ಲ. ತಮಿಳರ ಬಾಯಲ್ಲಿ ಇವತ್ತಿಗೂ ಪಾಲ್, ತೆಲುಗರ ಬಾಯಲ್ಲಿ ಪಾಲು, ತುಳುವರ ಬಾಯಲ್ಲಿ ಪಿಲಿ.

ಬದಲಾವಣೆ ಅಡ್ಡಾದಿಡ್ಡಿಯೂ ಆಗಲಿಲ್ಲ. ಪದದ ಮೊದಲಲ್ಲಿದ್ದ ಪಕಾರ ಸಡಿಲವಾಯಿತು. ಜೋಡಿ ಪಕಾರ ಗಟ್ಟಿಯಾಗಿ ನಿಂತಿತು: ಅಪ್ಪ, ಉಪ್ಪು, ತುಪ್ಪ. ಸಂಸ್ಕೃತದ ಪರ್ವ ದುಡಿಯುವವರ ಅಂಗಳಕ್ಕೆ ಬಂದು ಹಬ್ಬವಾಯಿತು, ಪಶು ಕೊಟ್ಟಿಗೆಗೆ ಬಂದು ಹಸುವಾಯಿತು. ಓದಿದವರು ಮತ್ತೆ ಮತ್ತೆ ಹೇಳಿಕೊಟ್ಟ ಪಾಪ, ಪುಣ್ಯಗಳು ಮಾತ್ರ ಪಕಾರ ಬಿಡಲಿಲ್ಲ! ಅಕ್ಷರ ಕಾಣದ ಜನ ಇಷ್ಟು ಕ್ರಮವಾಗಿ ನಡೆಸಿದ ಕೆಲಸವನ್ನು ಅಪಭ್ರಂಶ ಅಂತ ಹೇಗೆ ಕರೆಯುವುದು? ವ್ಯಾಕರಣ ಅವರ ಬಾಯಲ್ಲಿತ್ತು. 1260ರ ಸುಮಾರಿನಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆದಾಗ ೞಕಾರ ಬರುವ ಪದಗಳನ್ನು ಪಟ್ಟಿ ಮಾಡಿಕೊಡಬೇಕಾಯಿತು. ಪಟ್ಟಿ ಯಾಕೆ ಬೇಕು? ಜನರ ಬಾಯಿಂದ ಆ ಅಕ್ಷರ ಜಾರಿಹೋಗುತ್ತಿತ್ತು, ಅದಕ್ಕೇ. ಜನ ಮುಂದೆ ನಡೆದರು, ಪಟ್ಟಿ ಹಿಂದೆ ಉಳಿಯಿತು.

ಹೇಗೆ ನಡೆಯುತ್ತದೆ ಇದು? ಭಾಷೆ ಅಪ್ಪ ಮಗನಿಗೆ ಕೊಡುವ ತಾಮ್ರದ ಚೊಂಬಲ್ಲ, ಹಾಗೇ ಕೈಯಿಂದ ಕೈಗೆ ದಾಟುವುದಕ್ಕೆ. ಯಾವ ತಾಯಿಯೂ ಮಗುವಿಗೆ ಇಡೀ ಭಾಷೆ ಹೇಳಿಕೊಡುವುದಿಲ್ಲ. ಕಳೆ ಕೀಳುತ್ತಾ, ರಾಗಿ ಬೀಸುತ್ತಾ ಆಡಿದ ನಾಲ್ಕು ಮಾತು ಕೇಳಿ ಮಗು ತಾನೇ ನಿಯಮ ಕಟ್ಟಿಕೊಳ್ಳುತ್ತದೆ. ಕಟ್ಟುವಾಗ ಒಂದು ಎಳೆ ಅತ್ತಿತ್ತ ಆಗುತ್ತದೆ. ಆ ಎಳೆ ಓರಗೆಯವರಿಗೆ ಒಪ್ಪಿದರೆ ಉಳಿಯುತ್ತದೆ. ಹತ್ತು ತಲೆಮಾರು ಕಳೆದರೆ ಪಾಲು ಹಾಲಾಗಿರುತ್ತದೆ.

ಈ ಕೆಲಸ ಕಣ್ಣೆದುರೇ ನಡೆದದ್ದು ನಿಕರಾಗುವಾದಲ್ಲಿ. ಅಲ್ಲಿನ ಕಿವುಡ ಮಕ್ಕಳು ತಂತಮ್ಮ ಮನೆಗಳಲ್ಲಿ ಒಬ್ಬೊಬ್ಬರೇ ಬಿದ್ದಿದ್ದರು. 1977ರಲ್ಲಿ ಮನಾಗುವಾ ನಗರದಲ್ಲಿ ವಿಶೇಷ ಶಾಲೆ ತೆರೆಯಿತು. 1979ರ ಕ್ರಾಂತಿಯ ಮೇಲೆ ಇನ್ನಷ್ಟು ಮಕ್ಕಳು ಸೇರಿದರು. ಮೇಷ್ಟರು ಕಲಿಸಿದ್ದು ತುಟಿ ನೋಡಿ ಸ್ಪ್ಯಾನಿಷ್ ತಿಳಿಯುವುದನ್ನು. ಅದು ಮಕ್ಕಳಿಗೆ ಹತ್ತಲಿಲ್ಲ. ಆಟದ ಬಯಲಲ್ಲಿ, ಬಸ್ಸಿನಲ್ಲಿ ಮನೆಮನೆಯ ಸನ್ನೆಗಳನ್ನು ಕೂಡಿಸಿಕೊಂಡು ಅವರು ತಮ್ಮದೇ ಕೈಭಾಷೆ ಕಟ್ಟಿದರು. ಅವರ ಹಿಂದೆ ಬಂದ ಚಿಕ್ಕ ಮಕ್ಕಳು ಅದಕ್ಕೆ ವ್ಯಾಕರಣ ಬಿಗಿದರು. ಯಾರು ಯಾರಿಗೆ ಏನು ಮಾಡಿದರು ಅನ್ನುವುದನ್ನು ಸನ್ನೆಯ ದಿಕ್ಕಿನಲ್ಲೇ ಹೇಳತೊಡಗಿದರು. ದೊಡ್ಡವರ ಸನ್ನೆಗಿಂತ ಚಿಕ್ಕವರ ಭಾಷೆ ಹೆಚ್ಚು ಹದವಾಯಿತು. ಗುರುವಿಲ್ಲದ ವಿದ್ಯೆ ಇಲ್ಲ ಅನ್ನುವವರು ಈ ಮಕ್ಕಳನ್ನು ನೋಡಬೇಕಿತ್ತು.

ಇದಕ್ಕೆ ಎದುರಾದ ಇನ್ನೊಂದು ದಾರಿ ನಮ್ಮಲ್ಲೇ ಇತ್ತು. ವೇದವನ್ನು ಪದಪಾಠ, ಕ್ರಮಪಾಠ, ಘನಪಾಠ ಅಂತ ತಿರುವಿ ಮುರುವಿ ಉರುಹೊಡೆದು, ಒಂದು ಸ್ವರವೂ ಕದಲದಂತೆ ಕಾದರು. ಆ ನೆನಪಿನ ಶಕ್ತಿ ದೊಡ್ಡದೇ, ಇಲ್ಲ ಅನ್ನೋದಿಲ್ಲ. ಆದರೆ ಅದರ ಬೇಲಿ ಎಂಥದು? ಕೇಳಿಸಿಕೊಂಡ ಶೂದ್ರನ ಕಿವಿಗೆ ಕಾದ ಲೋಹ, ಅರಗು ಹುಯ್ಯಿರಿ ಅನ್ನುತ್ತದೆ ಗೌತಮ ಧರ್ಮಸೂತ್ರ. ಎಲ್ಲರ ಬಾಯಿಗೆ ಬಿದ್ದ ಭಾಷೆ ಬದಲಾಗುತ್ತದೆ, ಬೆಳೆಯುತ್ತದೆ. ಬದಲಾಗಬಾರದು ಅಂದರೆ ಕೆಲವರ ಬಾಯಿಗೆ ಬೀಗ, ಕೆಲವರ ಕಿವಿಗೆ ಅರಗು.

ಈಗ ಮೂರನೇ ಮಾತಿಗೆ ಬರೋಣ. ಹಳೇ ಮೈಸೂರಿನ ಹಳ್ಳಿಗಳಲ್ಲಿ ಹಕಾರವೂ ಕರಗಿದೆ. ನಮ್ಮವರು ಆಲು ಅಂತಾರೆ, ಒಲ ಅಂತಾರೆ, ಅಬ್ಬ ಅಂತಾರೆ, ಅಸಿವು ಅಂತಾರೆ. ಪಕಾರ ಸವೆದು ಹಕಾರವಾಯಿತು, ಹಕಾರ ಸವೆದು ಉಸಿರಾಯಿತು. ದಾರಿ ಒಂದೇ. ಮೊದಲ ಹೆಜ್ಜೆಗೆ ನಡುಗನ್ನಡ ಅಂತ ಹೆಸರು, ಬಿ.ಎ. ತರಗತಿಯಲ್ಲಿ ಪಾಠ. ಎರಡನೇ ಹೆಜ್ಜೆಗೆ ಅದೇ ತರಗತಿಯಲ್ಲಿ ನಗು. ಕೇರಿಯ ಹುಡುಗ ಎದ್ದು ನಿಂತು ಆಲು ಅಂದರೆ ಸಾಕು, ಅವನ ಅಪ್ಪನ ಕಸುಬು, ಮನೆಯಿರುವ ದಿಕ್ಕು ಎಲ್ಲವೂ ಲೆಕ್ಕಕ್ಕೆ ಸಿಕ್ಕಿಬಿಡುತ್ತದೆ. ಆ ಹೆದರಿಕೆಗೆ ಅವನು ಇಲ್ಲದ ಕಡೆಯೂ ಹಕಾರ ಹಚ್ಚಿ ಅಕ್ಕಿಯನ್ನು ಹಕ್ಕಿ ಮಾಡುತ್ತಾನೆ. ಮತ್ತೆ ನಗು. ಕೊನೆಗೆ ಅವನು ಮಾತನ್ನೇ ಬಿಡುತ್ತಾನೆ. ಹೀಗೆ ಬಾಯಿ ಮುಚ್ಚಿದ ಹುಡುಗರಿಂದ ಕನ್ನಡಕ್ಕೆ ಆದ ನಷ್ಟವನ್ನು ಯಾವ ನಿಘಂಟು ಬರೆದಿಟ್ಟಿದೆ? ದೇವನೂರ ಮಹಾದೇವರ ‘ಕುಸುಮಬಾಲೆ’ ಬಂದಾಗ ಓದಿದವರೇ ಅರ್ಥವಾಗಲಿಲ್ಲ ಅಂತ ತಡವರಿಸಿದರು. ಒಂದು ಸಲವಾದರೂ ತಡವರಿಸುವ ಸರದಿ ಅವರದಾಯಿತು.

ಹಾಗಂತ ಜನರ ಬಾಯಲ್ಲಿ ಬಂದದ್ದೆಲ್ಲ ಬಂಗಾರ ಅಂತ ಹೇಳುವುದಕ್ಕೂ ಆಗುವುದಿಲ್ಲ. ಪುಲಿ ಹುಲಿಯಾದ ಹಾಗೇ, ಅದೇ ನಿಯಮದಲ್ಲಿ, ಪೊಲೆಯ ಹೊಲೆಯನಾದ. ಸಾವಿರ ವರ್ಷದಲ್ಲಿ ಅಕ್ಷರ ಬದಲಾಯಿತು. ಕೇರಿ ಊರಾಚೆಗೇ ಉಳಿಯಿತು. ತಾಯಿಯ ಮಡಿಲಲ್ಲಿ ಮಾತು ಕಲಿಯುವ ಮಗು, ಯಾವ ಮಾತಿಗೆ ಮೂಗು ಮುರಿಯಬೇಕು ಅನ್ನುವುದನ್ನೂ ಅಲ್ಲೇ ಕಲಿಯುತ್ತದೆ. ಪಕಾರದಷ್ಟು ಸುಲಭವಾಗಿ ತಿರಸ್ಕಾರ ಸವೆಯುವುದಿಲ್ಲ, ಯಾಕೆಂದರೆ ಅದನ್ನು ಕಾಯುವವರಿದ್ದಾರೆ, ಅದರಿಂದ ಉಣ್ಣುವವರಿದ್ದಾರೆ.

ಆದರೂ ಅದು ಕಲಿತದ್ದು, ಹುಟ್ಟಿನಿಂದ ಬಂದದ್ದಲ್ಲ. ಕಲಿತದ್ದನ್ನು ಮುಂದಿನ ತಲೆಮಾರಿಗೆ ದಾಟಿಸದೆ ನಿಲ್ಲಿಸಬಹುದು. ಪಕಾರ ತಾನಾಗಿ ಹೋಯಿತು. ಇದನ್ನು ನಾವೇ ಕೈಹಾಕಿ ಕಳೆಯಬೇಕು. ಅಲ್ಲಿಯವರೆಗೆ ನಮ್ಮ ಮಕ್ಕಳು ತರಗತಿಯಲ್ಲಿ ಎದ್ದು ನಿಂತು, ಗಟ್ಟಿಯಾಗಿ, ಆಲು ಅನ್ನಲಿ.